ಯಂತ್ರಕ್ಕೆ ಗಡಿಯ ಮಾತು ತಿಳಿಯಲಿ

ಮರೆಗುಳಿತನದ ಆರೈಕೆಗೆ ತಂತ್ರಜ್ಞಾನ ರೂಪಿಸುವ ಸಂಶೋಧನಾ ತಂಡ ಸೇರಲಿರುವ ನಿಪ್ಪಾಣಿಯ ವಿದ್ಯಾರ್ಥಿನಿಯೊಬ್ಬಳು, ಮೊದಲು ಏನು ಓದಿಕೊಳ್ಳಲಿ ಎಂದು ಕೇಳಿದ್ದಾಳೆ. ಸೆನ್ಸರ್, ಕೃತಕ ಬುದ್ಧಿಮತ್ತೆಗಳನ್ನು ತಂಡವೇ ಕಲಿಸುತ್ತದೆ. ಅವಳು ಮೊದಲು ಒಂದು ಚಿತ್ರ ನೋಡಲಿ.

ಅದು ಅಮೆರಿಕದ ಅಡುಗೆಮನೆಯ ರೇಖಾಚಿತ್ರ. ಸ್ಟೂಲ್ ಹತ್ತಿದ ಹುಡುಗ ಕಪಾಟಿನ ಡಬ್ಬಿಯಿಂದ ಬಿಸ್ಕತ್ತು ಕದಿಯುತ್ತಿದ್ದಾನೆ, ಸ್ಟೂಲ್ ವಾಲಿದೆ. ಹುಡುಗಿ ಕೈಚಾಚಿದ್ದಾಳೆ. ತಾಯಿ ತಟ್ಟೆ ಒರೆಸುತ್ತ ನಿಂತಿದ್ದಾಳೆ, ಸಿಂಕ್ ತುಂಬಿ ನೀರು ನೆಲಕ್ಕೆ ಸುರಿಯುತ್ತಿದೆ. ಮಿದುಳಿಗೆ ಪೆಟ್ಟಾಗಿ ಮಾತು ಕೆಟ್ಟವರನ್ನು ಪರೀಕ್ಷಿಸಲು 1972ರಲ್ಲಿ ಬಂದ ಬಾಸ್ಟನ್ ಪರೀಕ್ಷೆಯ ಚಿತ್ರವಿದು. ಮುಂದೆ ಪಿಟ್ಸ್‌ಬರ್ಗ್‌ನಲ್ಲಿ ಮರೆಗುಳಿತನ ಇದ್ದವರಿಗೂ ಇಲ್ಲದವರಿಗೂ ಇದನ್ನೇ ತೋರಿಸಿ, ಅವರು ಹೇಳಿದ್ದನ್ನು ಧ್ವನಿಮುದ್ರಿಸಿಕೊಂಡರು. 2020ರಲ್ಲಿ ನಡೆದ ಹೆಸರಾಂತ ಸ್ಪರ್ಧೆಯೊಂದರಲ್ಲಿ ಯಂತ್ರಗಳಿಗೆ ಕೊಟ್ಟದ್ದು ಆ ಸಂಗ್ರಹದ 156 ಜನರ ದನಿ, ಅದೂ ಇಂಗ್ಲಿಷಿನಲ್ಲಿ. ತಡವರಿಕೆ ಎಷ್ಟು, ಮೌನ ಎಷ್ಟು, ಹೆಸರು ಹೊಳೆಯದೆ ‘ಅದು, ಇದು’ ಎಂದದ್ದೆಷ್ಟು ಎಂದು ಯಂತ್ರ ಲೆಕ್ಕ ಹಾಕುತ್ತದೆ. ‘ದನಿ ಕೇಳಿ ಮರೆಗುಳಿತನ ಪತ್ತೆ’ ಎಂಬ ಸುದ್ದಿ ಕಂಡಾಗ ನೆಚ್ಚುವ ಮೊದಲು ಈ ಸಂಖ್ಯೆ, ಈ ಭಾಷೆ ನೆನಪಿರಲಿ.

ಕಾಗವಾಡದ ಅಜ್ಜಿ ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಾಳೆ. ಮಹಾರಾಷ್ಟ್ರಕ್ಕೆ ಅಂಟಿದ ಈ ಗಡಿಯಲ್ಲಿ ಅದು ದಿನನಿತ್ಯದ ಮಾತು. ಇಂಗ್ಲಿಷ್ ಒಂದನ್ನೇ ಕೇಳಿ ಬೆಳೆದ ಯಂತ್ರ ಅದನ್ನೇ ರೋಗಲಕ್ಷಣವೆಂದು ಗುರುತು ಹಾಕಿಬಿಡಬಹುದು.

ಎರಡು ಭಾಷೆಯ ಬದುಕು ಮಿದುಳಿಗೆ ಆಸರೆಯಾಗಬಹುದು ಎಂದು ತೋರಿಸಿದ ಹೆಸರಾಂತ ಅಧ್ಯಯನ ಭಾರತದ್ದೇ. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆಯವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು, ಅಕ್ಷರ ಕಲಿಯದವರಲ್ಲೂ. ಆದರೆ ಆರೋಗ್ಯವಂತರನ್ನು ವರ್ಷಗಟ್ಟಲೆ ಗಮನಿಸಿದ ಬೇರೆ ಅಧ್ಯಯನಗಳಲ್ಲಿ ಈ ಫಲ ಒಂದೇ ಸಮ ಕಂಡಿಲ್ಲ.

ಜನಕ್ಕೆ ತಕ್ಕಂತೆ ಪರೀಕ್ಷೆ ಬದಲಿಸಬಹುದು ಎಂಬುದಕ್ಕೂ ನಮ್ಮಲ್ಲೇ ಮಾದರಿ ಇದೆ. 1975ರಲ್ಲಿ ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ರೂಪಿಸಿದ ಪರೀಕ್ಷೆಯಲ್ಲಿ ‘ಕಣ್ಣು ಮುಚ್ಚಿ’ ಎಂದು ಬರೆದದ್ದನ್ನು ಓದಿ ಹಾಗೆ ಮಾಡಬೇಕಿತ್ತು. ಓದು ಬಾರದವರು ಏನು ಮಾಡಬೇಕು? ಹರಿಯಾಣದ ಬಲ್ಲಭಗಡದ ಹಳ್ಳಿಗಳಿಗಾಗಿ ಮೇರಿ ಗಂಗೂಲಿ ತಂಡ 1995ರಲ್ಲಿ ಹಿಂದಿ ರೂಪ ಪ್ರಕಟಿಸಿತು. ಅದರಲ್ಲಿ ಪರೀಕ್ಷಕರು ತಾವೇ ಕಣ್ಣು ಮುಚ್ಚಿ, ‘ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ’ ಎನ್ನುತ್ತಾರೆ. ಬದಲಾವಣೆ ಸಣ್ಣದು, ಆದರೆ ಅನಕ್ಷರತೆಯನ್ನು ಕಾಯಿಲೆಯೆಂದು ಎಣಿಸುವ ತಪ್ಪು ತಪ್ಪಿತು.

ಆರೈಕೆಯ ಉಪಕರಣಗಳಿಗೂ ಇದೇ ಮಾತು ಸಲ್ಲುತ್ತದೆ. ಕಾಯಿಲೆ ಬಲಿತಂತೆ ನಂತರ ಕಲಿತ ಭಾಷೆ ಹಿಂದೆ ಸರಿದು ತಾಯ್ನುಡಿ ಉಳಿಯುವುದು ಹಲವರಲ್ಲಿ ಕಂಡಿದೆ. ಮಿರಜ್, ಇಚಲಕರಂಜಿ ಕಡೆಯಿಂದ ಸೊಸೆಯಾಗಿ ಬಂದು ಚಿಕ್ಕೋಡಿ, ರಾಯಬಾಗ, ಅಥಣಿಯಲ್ಲಿ ಮುಪ್ಪಾದವರು ಎಷ್ಟು ಮಂದಿ! ‘ಗುಳಿಗೆ ತಗೊಳ್ಳಿ’ ಎಂದು ನೆನಪಿಸುವ ಪೆಟ್ಟಿಗೆ ಬೆಂಗಳೂರಿನ ಕನ್ನಡದಲ್ಲಿ ನುಡಿದರೆ ಅದು ಅವರಿಗೆ ಬರೀ ಸದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ, ಕೋಲಾರದ ಗಡಿ ತಾಲ್ಲೂಕು ಶ್ರೀನಿವಾಸಪುರದ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುತ್ತ ಬಂದಿದೆ. ಅಂಥ ಗಮನ ಕೃಷ್ಣೆಯ ದಂಡೆಗೂ ಬರಬೇಕು. ನಮ್ಮ ವಿದ್ಯಾರ್ಥಿನಿ ತಂಡದ ಮೊದಲ ಸಭೆಯಲ್ಲೇ ಕೇಳಲಿ: ಈ ಯಂತ್ರ ಯಾರ ಮಾತು ಕೇಳಿ ಕಲಿತಿದೆ? ಉತ್ತರದಲ್ಲಿ ತನ್ನ ಊರಿನವರು ಇಲ್ಲವಾದರೆ, ಮನೆಯವರ ಒಪ್ಪಿಗೆ ಪಡೆದು ಅವರ ಮಾತನ್ನು ಸಂಗ್ರಹಿಸುವ ಕೆಲಸವನ್ನು ತಾನೇ ವಹಿಸಿಕೊಳ್ಳಲಿ. ಎರಡೂ ಭಾಷೆ ಕೇಳುತ್ತ ಬೆಳೆದವಳಿಗೆ ಅದು ಕೂಡಿಬರುವ ಕೆಲಸ.