ಅಪ್ಪನ ಪಕ್ಕೆಯಲ್ಲಿ ಕಂಡ ನೀರು

ಹೋದ ಮಳೆಗಾಲದ ಒಂದು ರಾತ್ರಿ ಗಜೇಂದ್ರಗಡದ ನಮ್ಮ ಮನೆಯಲ್ಲಿ ಅಪ್ಪನಿಗೆ ಉಸಿರು ಕಟ್ಟತೊಡಗಿತು. ಮಲಗಲಾರರು, ಮಾತಾಡಲಾರರು. ಊರಿನ ವೈದ್ಯರು ಸ್ಟೆತಾಸ್ಕೋಪ್ ಇಟ್ಟು ನೋಡಿದರು. “ಎಡಕ್ಕ ಉಸಿರಿನ ಸಪ್ಪಳ ಕಡಿಮಿ ಐತ್ರಿ. ನೀರು ತುಂಬೇತೋ, ಕಫಾ ಗಟ್ಟಿ ಆಗೇತೋ, ಸ್ಕ್ಯಾನ್ ಮಾಡೇ ಹೇಳಬೇಕು. ಗದಗಕ್ಕ ಕರಕೊಂಡು ಹೋಗ್ರಿ” ಎಂದರು. ನರೇಗಲ್ ದಾಟಿ ಸುಮಾರು 50 ಕಿ.ಮೀ. ದಾರಿ. ಆಂಬುಲೆನ್ಸ್‌ನಲ್ಲಿ ಅಪ್ಪನ ಕೈ ಹಿಡಿದು ಕೂತ ನನಗೆ ಅದು ಮುಗಿಯುವಂತೆಯೇ ಕಾಣಲಿಲ್ಲ.

ಗದಗದಲ್ಲಿ ಕಿರಿಯ ವೈದ್ಯೆಯೊಬ್ಬರು ಚಿಕ್ಕದೊಂದು ಯಂತ್ರವನ್ನು ಮಂಚದ ಹತ್ತಿರಕ್ಕೇ ತಳ್ಳಿಕೊಂಡು ಬಂದರು. ಪಕ್ಕೆಗೆ ಜೆಲ್ ಸವರಿ ಪ್ರೋಬ್ ಇಟ್ಟರು. ಎರಡೇ ನಿಮಿಷ, “ನೀರು” ಎಂದರು. ಸೂಜಿ ಚುಚ್ಚುವ ಜಾಗವನ್ನೂ ತೆರೆ ನೋಡಿಯೇ ಗುರುತು ಮಾಡಿದರು. ನೀರು ಇಳಿದಂತೆ ಅಪ್ಪನ ಉಸಿರು ಹಗುರಾಯಿತು.

“ಅಪ್ಪಾ, ಅಜ್ಜನ ಎದಿಯೊಳಗಿನ ನೀರು ಹೊರಗಿಂದ ಹೆಂಗ ಕಾಣಿಸ್ತು?” ಮರುದಿನ ಮಗಳ ಪ್ರಶ್ನೆ. ವೈದ್ಯೆಯೇ ನಕ್ಕು ಉತ್ತರಿಸಿದರು: “ಗುಡ್ಡದ ಎದುರು ಕೂಗಿದರ ದನಿ ತಿರುಗಿ ಬರತೈತಲ್ಲ, ಹಂಗ.” ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ದನಿ ಮಾತ್ರ ಕೇಳುತ್ತದೆ. ಪ್ರೋಬ್ ಹೊಮ್ಮಿಸುವ ದನಿಯ ಕಂಪನಗಳು ಲಕ್ಷಗಳಲ್ಲಿ. ಅದು ಮೈಯೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗಿ, ಅಂಗಗಳಿಗೆ ತಾಗಿ ಮರಳುತ್ತದೆ. ಆ ಮರುದನಿಯೇ ಚಿತ್ರವಾಗುತ್ತದೆ. ನೀರಿನಿಂದ ದನಿ ಮರಳದು. ಆದ್ದರಿಂದ ಅದು ಕಪ್ಪಾಗಿ ಕಾಣುತ್ತದೆ. ಎಕ್ಸ್‌ರೇಯಂತೆ ವಿಕಿರಣವಿಲ್ಲ.

“ಹಂಗಾದರ ಈ ಯಂತ್ರ ಎಲ್ಲಾ ಊರಾಗೂ ಇಡಬಹುದಲ್ರಿ?” ಎಂದು ನಾನು ಕೇಳಿದೆ.

“ಯಂತ್ರ ಬಂದರ ಸಾಲದ್ರಿ, ನೋಡೋ ಕಣ್ಣು ಪಳಗಬೇಕು” ಎಂದರು. ಮೊದಲು ಆರೋಗ್ಯವಂತರ ಮೇಲೆ ಕೈ ಕೂಡಿಸುವುದು, ಆಮೇಲೆ ಹಿರಿಯರ ಎದುರು ರೋಗಿಗಳನ್ನು ನೋಡುವುದು, ಪ್ರತಿ ಚಿತ್ರವನ್ನೂ ದಾಖಲಿಸಿ ತಪ್ಪು ತಿದ್ದಿಸಿಕೊಳ್ಳುವುದು, ಕೊನೆಗೆ ಪರೀಕ್ಷೆ. ಅಮೆರಿಕದ ತುರ್ತು ಚಿಕಿತ್ಸಾ ವೈದ್ಯರ ಸಂಘ ಒಂದೊಂದು ಬಗೆಯ ಪರೀಕ್ಷೆಗೂ 25ರಿಂದ 50 ಸ್ಕ್ಯಾನ್‌ಗಳ ಅಭ್ಯಾಸ ಬೇಕೆನ್ನುತ್ತದೆ. ಕಲಿಯದ ಕಣ್ಣು ಇಲ್ಲದ ನೀರನ್ನು ಕಂಡೀತು, ಇದ್ದ ನೀರನ್ನು ಬಿಟ್ಟೀತು.

ನಮ್ಮಲ್ಲಿ ಇನ್ನೊಂದು ಎಚ್ಚರವೂ ಬೇಕು. ಇದೇ ಯಂತ್ರದಿಂದ ಭ್ರೂಣದ ಲಿಂಗ ತಿಳಿದು ಹೆಣ್ಣನ್ನು ಹೊಸಕಿದವರಿದ್ದಾರೆ. ಅದಕ್ಕೇ 1994ರ ಕಾಯ್ದೆ ಬಂತು. ನೋಂದಣಿಯಿಲ್ಲದ ಕಡೆ ಯಂತ್ರ ಬಳಸುವಂತಿಲ್ಲ. ಎಂಬಿಬಿಎಸ್ ವೈದ್ಯರು ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸ್ಕ್ಯಾನ್ ಮಾಡಲು ಆರು ತಿಂಗಳು, ಅಂದರೆ 300 ಗಂಟೆಗಳ ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕೆಂದು 2014ರ ನಿಯಮ ಹೇಳುತ್ತದೆ. ದೆಹಲಿ ಹೈಕೋರ್ಟ್ 2016ರಲ್ಲಿ ಈ ನಿಯಮವನ್ನು ತಳ್ಳಿಹಾಕಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಕಾಯ್ದೆ ಸಡಿಲವಾಗಲಿ ಎಂದು ನಾನು ಹೇಳುವುದಿಲ್ಲ. ಮಗಳಿರುವ ತಂದೆ ನಾನು. ಆದರೆ ರೋಣ, ನರಗುಂದ, ಗಜೇಂದ್ರಗಡದಂಥ ತಾಲ್ಲೂಕುಗಳ ವೈದ್ಯರಿಗೆ ರಜೆ ಕೊಟ್ಟು, ಬದಲಿ ವೈದ್ಯರನ್ನು ಕಳಿಸಿ, ಈ ವಿದ್ಯೆ ಕಲಿಸಬಾರದೇ? ಆ ರಾತ್ರಿ ನಮಗೆ ಬೇಕಾಗಿದ್ದದ್ದು ಎರಡು ನಿಮಿಷದ ನೋಟ. ಅದಕ್ಕಾಗಿ 50 ಕಿ.ಮೀ. ಹೋದೆವು.

ಅಪ್ಪ ಈಗ ದಿನಾ ಸಂಜೆ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬರುತ್ತಾರೆ. ಮಗಳು ಮಾತ್ರ ಅವರ ಬೆನ್ನಿಗೆ ಕಿವಿಯಿಟ್ಟು, “ಅಜ್ಜಾ, ನೀರಿಲ್ಲ ತಗೋ!” ಎನ್ನುತ್ತಾಳೆ.