ಚಾನಲ್ ಏರಿ ಐತೆ, ಬಾಡಿಗೆ ಸೈಕಲ್ ಎಲ್ಲೈತೆ?

ಬಸವಾಪಟ್ಟಣದ ಪೇಟೆಯಲ್ಲಿ ಒಂದು ತಗಡಿನ ಶೆಡ್ಡು. ಗೋಡೆಗೆ ತೂಗುಹಾಕಿದ ಹಳೇ ಟಯರು, ಪಂಕ್ಚರ್ ನೋಡಲು ನೀರು ತುಂಬಿದ ಬಾಣಲಿ, ಬಾಗಿಲಲ್ಲಿ ಗಾಳಿ ಹೊಡೆಯುವ ಪಂಪು. ಮೂಲೆಯಲ್ಲಿ ಎರಡೇ ಎರಡು ಸೈಕಲ್. ಹಿಂದಿನ ಮಡ್‌ಗಾರ್ಡ್ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು ಇನ್ನೂ ಅಳಿಸಿಲ್ಲ. ಒಂದು 7, ಇನ್ನೊಂದು 11.

ಒಂದು ಕಾಲಕ್ಕೆ ಇಲ್ಲಿ ಒಂದರಿಂದ ಹದಿನಾಲ್ಕರ ತನಕ ನಂಬರ್ ಇತ್ತು. ಬೆಳಿಗ್ಗೆ ಸಾಲಾಗಿ ನಿಲ್ಲಿಸಿದರೆ ಸಂಜೆ ತನಕ ಒಂದೂ ಶೆಡ್ಡಿನಲ್ಲಿ ನಿಲ್ಲುತ್ತಿರಲಿಲ್ಲ. ಗಂಟೆಗೆ ಎರಡು ರೂಪಾಯಿ ಕೊಟ್ಟು, ಪುಸ್ತಕದಲ್ಲಿ ಅಪ್ಪನ ಹೆಸರು ಬರೆಸಿ, ಸೀಟಿಗೆ ಕಾಲು ಎಟುಕದೆ ಒಳಪೆಡಲ್ ತುಳಿಯುತ್ತಾ ಈ ವರದಿಗಾರನೂ ಸೈಕಲ್ ಕಲಿತದ್ದು ಇದೇ ಶೆಡ್ಡಿನ 11ನೇ ನಂಬರಿನಲ್ಲಿ. ಬಿದ್ದು ಮಂಡಿ ತರಚಿಕೊಂಡರೆ ಯಾರೂ ಕೇಳುತ್ತಿರಲಿಲ್ಲ. ಪೆಡಲ್ ಬೆಂಡಾದರೆ ಮಾತ್ರ ಮನೆಗೆ ದೂರು ಹೋಗುತ್ತಿತ್ತು!

ಶೆಡ್ಡಿನ ಚಾಚಾಗೆ ಈಗ ಎಪ್ಪತ್ತು ದಾಟಿದೆ. "ನನ್ನ ಹೆಸರು ಪೇಪರ್‌ನಾಗೆ ಹಾಕ್ಬ್ಯಾಡ ಬೇಟಾ, ಸುದ್ದಿ ಹಾಕು ಸಾಕು" ಅಂದರು. ಸುದ್ದಿ ಇಷ್ಟೆ. ಹೋದ ಭಾನುವಾರ ದಾವಣಗೆರೆಯಿಂದ ಕಾರಿನಲ್ಲಿ ಐದು ಜನ ಹುಡುಗರು ಬಂದರಂತೆ. "ಸೂಳೆಕೆರೆ ತನಕ ಸೈಕಲ್ ತುಳೀಬೇಕು, ಬಾಡಿಗೆಗೆ ಸಿಗ್ತಾವಾ?" ಎಂದು ಕೇಳಿದರಂತೆ. ಚಾಚಾ ಎರಡು ಸೈಕಲ್ ತೋರಿಸಿದರು. ಹುಡುಗರು ಮುಖ ಮುಖ ನೋಡಿಕೊಂಡು ಕಾರು ಹತ್ತಿದರು.

"ಮೂವತ್ತು ವರ್ಷ ಕಾದೆ. ಗಿರಾಕಿ ಹೋದ್ಮ್ಯಾಲೆ ಸೈಕಲ್ ಗುಜರಿಗೆ ಹಾಕ್ದೆ. ಸೈಕಲ್ ಹೋದ್ಮ್ಯಾಲೆ ಗಿರಾಕಿ ಬಂದ್ರು ನೋಡು" ಎಂದು ಚಾಚಾ ನಕ್ಕರು. ಬರುವ ಯುಗಾದಿಗೆ ಶೆಡ್ಡು ಖಾಲಿ ಮಾಡುವ ಯೋಚನೆ ಅವರದು.

ನೀರಿಗೆ ಸಲೀಸು, ಸೈಕಲ್ಲಿಗೂ ಸಲೀಸು

ಆ ಹುಡುಗರು ಕೇಳಿದ ದಾರಿ ನಿಜಕ್ಕೂ ಇದೆಯೇ? ನೋಡಿಯೇ ಬಿಡೋಣ ಎಂದು 11ನೇ ನಂಬರಿಗೆ ಗಾಳಿ ಹೊಡೆಸಿ, ಚೈನಿಗೆ ಎಣ್ಣೆ ಬಿಡಿಸಿಕೊಂಡು ಹೊರಟೆ. ಬಸವಾಪಟ್ಟಣದಿಂದ ಸೂಳೆಕೆರೆ ಹತ್ತು ಹನ್ನೆರಡು ಕಿಲೋಮೀಟರ್ ಆಸುಪಾಸು. ಸ್ವಲ್ಪ ದೂರ ಭದ್ರಾ ಚಾನಲ್ ಏರಿ, ಸ್ವಲ್ಪ ದೂರ ಡಾಂಬರು ರಸ್ತೆ, ನಡುವೆ ತೋಟದ ಬದಿಯ ಬಂಡಿ ದಾರಿ.

ಏರಿ ಹತ್ತಿದ ಕೂಡಲೇ ಗಾಳಿ ಬದಲಾಗುತ್ತದೆ. ಒಂದು ಪಕ್ಕ ತುಂಬಿ ಹರಿಯುವ ನೀರು, ಇನ್ನೊಂದು ಪಕ್ಕ ನಾಟಿ ಮುಗಿದ ಗದ್ದೆ, ಅದರಾಚೆ ಅಡಿಕೆ ತೋಟ. ಗದ್ದೆಯಲ್ಲಿ ಬೆಳ್ಳಕ್ಕಿ ಸಾಲು. ಸೋಪಾನದ ಮೇಲೆ ಬಟ್ಟೆ ಒಗೆಯುವ ಹೆಂಗಸರು ತಲೆ ಎತ್ತಿ ನೋಡಿ, "ಯಾರ ಮನೆ ಹುಡ್ಗ, ಪೆಟ್ರೋಲ್ ಖಾಲಿ ಆತೇನೋ?" ಎಂದು ಚೇಷ್ಟೆ ಮಾಡಿದರು.

ಐದಾರು ಕಿಲೋಮೀಟರ್ ತುಳಿದರೂ ಏದುಸಿರು ಬರಲಿಲ್ಲ. ಇದು ನನ್ನ ತಾಕತ್ತಲ್ಲ ಸ್ವಾಮಿ, ಚಾನಲ್ ಕಟ್ಟಿದವರ ಲೆಕ್ಕ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದ ಹೊರಟ ಬಲದಂಡೆ ನಾಲೆ 103 ಕಿಲೋಮೀಟರ್ ಉದ್ದ. ಅದರ ಶಾಖೆಗಳು ಬೇರೆ. ನೀರನ್ನು ತಳ್ಳುವುದಕ್ಕೆ ಪಂಪಿಲ್ಲ, ತಾನಾಗಿ ಹರಿಯಬೇಕು. ಹಾಗೆಂದು ತೀರಾ ಇಳಿಜಾರಾದರೆ ದಂಡೆ ಕೊಚ್ಚಿಹೋಗುತ್ತದೆ. ಅದಕ್ಕೇ ಗುಡ್ಡ ಬಳಸಿ, ಉಬ್ಬು ಕಡಿದು, ತಗ್ಗು ತುಂಬಿಸಿ, ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟು ಕಟ್ಟಿದ್ದಾರೆ. ನೀರಿಗೆ ಸಲೀಸಾದ ದಾರಿ ಸೈಕಲ್ಲಿಗೂ ಸಲೀಸು.

ಇದನ್ನೇ ಹೊರದೇಶದವರು ದುಡ್ಡು ಖರ್ಚು ಮಾಡಿ ಹುಡುಕಿಕೊಂಡಿದ್ದಾರೆ. ಐರ್ಲೆಂಡ್ ದೇಶದ ಮೇಯೋ ಎಂಬ ಜಿಲ್ಲೆಯಲ್ಲಿ ವೆಸ್ಟ್‌ಪೋರ್ಟ್‌ನಿಂದ ಅಕಿಲ್ ತನಕ ಒಂದು ರೈಲು ಓಡುತ್ತಿತ್ತು. 1937ರಲ್ಲಿ ನಿಂತುಹೋಯಿತು. ರೈಲು ದಾರಿಯೂ ಚಾನಲ್ ಇದ್ದ ಹಾಗೆ, ಹೆಚ್ಚು ಏರಿಲ್ಲ, ಹೆಚ್ಚು ಇಳಿವಿಲ್ಲ. ಅದೇ ಜಾಡಿನಲ್ಲಿ 42 ಕಿಲೋಮೀಟರ್ ಸೈಕಲ್ ದಾರಿ ಮಾಡಿ 2011ರಲ್ಲಿ ಪೂರ್ತಿ ತೆರೆದರು. 'ಗ್ರೀನ್‌ವೇ' ಎಂದು ಹೆಸರು. ದಾರಿಯ ಊರುಗಳಲ್ಲಿ ಬಾಡಿಗೆ ಸೈಕಲ್ ಅಂಗಡಿ ಎದ್ದವು. ಒಂದೂರಲ್ಲಿ ಸೈಕಲ್ ಹತ್ತಿ, ಇನ್ನೊಂದೂರಲ್ಲಿ ಬಿಟ್ಟರೆ ಅಂಗಡಿಯವರೇ ವ್ಯಾನಿನಲ್ಲಿ ವಾಪಸು ಕರೆದುಕೊಂಡು ಬರುತ್ತಾರೆ.

ಅಲ್ಲಿ ಜಮೀನು ಯಾರದು? ಬಹುಪಾಲು ರೈತರದೇ. ಸರ್ಕಾರ ಕಿತ್ತುಕೊಳ್ಳಲಿಲ್ಲ. "ನಿಮ್ಮ ಹೊಲದ ಹಕ್ಕು ನಿಮ್ಮದೇ, ದಾಟಲು ಮಾತ್ರ ಅನುಮತಿ ಕೊಡಿ" ಎಂದು ಒಬ್ಬೊಬ್ಬರನ್ನೂ ಒಪ್ಪಿಸಿದರು. ನಮ್ಮಲ್ಲಿ ಆ ತಾಪತ್ರಯವೂ ಇಲ್ಲ. ಚಾನಲ್ ಏರಿ ನೀರಾವರಿ ನಿಗಮದ್ದು. ಒಂದು ಅನುಮತಿ ಸಾಕು.

ಅಂದವೂ ಉಂಟು, ಅಪಾಯವೂ ಉಂಟು

ಚಂದ ಚಂದ ಎಂದು ಬರೆದು ನಾಳೆ ಯಾರದೋ ಮನೆ ಮಗ ನೀರಿಗೆ ಬಿದ್ದರೆ ಈ ಪೇಪರಿನ ಮುಖಕ್ಕೆ ಮಸಿ. ಅದಕ್ಕೇ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಏರಿಗೆ ತಡೆಗೋಡೆ ಇಲ್ಲ. ಚಾನಲ್ ಪಕ್ಕಕ್ಕೆ ಹಾಕಿದ ಸಿಮೆಂಟು ಪಾಚಿ ಕಟ್ಟಿ ಜಾರುತ್ತದೆ. ಈಜು ಬಂದವನಿಗೂ ಹಿಡಿದು ಮೇಲೆ ಹತ್ತಲು ಆಸರೆ ಸಿಗುವುದು ಕಷ್ಟ. ಕೆಲವು ಕಡೆ ಟ್ರ್ಯಾಕ್ಟರ್ ಗಾಲಿ ಮಾಡಿದ ಗುಂಡಿಗೆ ಸೈಕಲ್ ನೀರಿನ ಕಡೆಗೇ ಎಳೆಯುತ್ತದೆ. ಜಾಲಿ ಮುಳ್ಳಂತೂ ಕೇಳಲೇಬೇಡಿ. ನನ್ನ ಮುಂದಿನ ಗಾಲಿ 'ಪುಸ್' ಎಂದದ್ದು ಯಾವ ಅಂಗಡಿಯೂ ಇಲ್ಲದ ಕಡೆ.

ಸೈಕಲ್ ತಳ್ಳಿಕೊಂಡು ಹೋಗುವಾಗ ತೂಬಿನ ಹತ್ತಿರ ಒಬ್ಬ ಸೌಡಿ ಸಿಕ್ಕರು. ನೀರು ಬಿಡುವುದು, ಕಟ್ಟುವುದು ಅವರ ಕೆಲಸ. "ಏನ್ ಸಾಮಿ, ಶೋಕಿಗೆ ಬಂದ್ರಾ?" ಎಂದು ಕೇಳಿದರು. ವಿಷಯ ಹೇಳಿದೆ. "ಮಾಡ್ರಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ನೀರು ಬಿಟ್ಟಾಗ ಸೆಲ್ಫಿ ತೆಗ್ಯಾಕೆ ಅಂಚಿಗೆ ಹೋಗ್ತಾರಲ್ಲ, ಅವ್ರನ್ನ ಕಾಯೋರು ಯಾರು? ಕತ್ಲಾದ್ಮ್ಯಾಲೆ ಯಾರೂ ಏರಿ ಮ್ಯಾಲೆ ಇರಬಾರ್ದು. ಇದನ್ನ ಮೊದ್ಲು ಬರೀರಿ" ಅಂದರು. ಬರೆದಿದ್ದೇನೆ.

ರಸ್ತೆ ದಾಟುವಲ್ಲಿ ಸಿಕ್ಕ ಹುಡುಗಿ

ಏರಿ ಇಳಿದು ಡಾಂಬರು ರಸ್ತೆ ಸೇರುವಲ್ಲಿ ಒಂದು ಗೂಡಂಗಡಿ. ಪಂಕ್ಚರ್ ಹಾಕುವವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಿದ್ದೆ. ಹೈಸ್ಕೂಲ್ ಸಮವಸ್ತ್ರದ ಹುಡುಗಿಯೊಬ್ಬಳು ಸೈಕಲ್ ನಿಲ್ಲಿಸಿ, "ಅಣ್ಣಾ, ನನ್ ಬ್ಯಾಗ್‌ನಾಗೆ ಪಂಪ್ ಐತೆ, ಸಲೂಷನ್ನೂ ಐತೆ" ಅಂದಳು. ಪಂಕ್ಚರ್ ಹಾಕಿದ್ದೂ ಅವಳೇ. ವರದಿಗಾರ ಬರೀ ಗಾಲಿ ಹಿಡಿದುಕೊಂಡಿದ್ದ.

ಅವಳ ಸೈಕಲ್ ಅಕ್ಕನದು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಕೋವಿಡ್‌ಗೆ ಮುಂಚೆ ಅಕ್ಕನಿಗೆ ಸಿಕ್ಕಿತ್ತು. ಇವಳು ಎಂಟಕ್ಕೆ ಬರುವ ಹೊತ್ತಿಗೆ ಯೋಜನೆ ನಿಂತಿತ್ತು. ಅಕ್ಕನ ಸೈಕಲ್ಲಿಗೆ ಎರಡು ಸಲ ಟಯರು, ಒಂದು ಸಲ ಚೈನು ಬದಲಾಗಿದೆ.

"ಈ ವರ್ಷ ಎಸ್ಸೆಸ್ಸೆಲ್ಸಿ. ಆಮ್ಯಾಲೆ ಕಾಲೇಜಿಗೆ ಸೈಕಲ್ ಬ್ಯಾಡ ಅಂತಾರೆ ಅಪ್ಪ. ರೋಡ್‌ನಾಗೆ ಮರಳು ಲಾರಿ, ಭತ್ತದ ಲಾರಿ ಮೈಮ್ಯಾಲೇ ಬರ್ತಾವೆ. ಏರಿ ಮ್ಯಾಲೆ ಹೋದ್ರೆ ಲಾರಿ ಇಲ್ಲ, ಆದ್ರೆ ನೀರಿನ ಭಯ" ಎಂದಳು. ಹಾಗಾದರೆ ಬಸ್ಸು? "ಬಸ್ಸು ಬಂದ್ರೆ ಬಂತು" ಎಂದು ಹೇಳಿ ಸೈಕಲ್ ಹತ್ತಿದಳು.

ಈ ಮಾತು ನನಗೆ ಚುರುಕ್ ಎಂದಿತು. ನಾನೂ ಪಿಯುಸಿಗೆ ಸೇರಿದವನೇ. ಬಸ್ಸು ತಪ್ಪಿ ತಪ್ಪಿ ಕೊನೆಗೆ ಕಾಲೇಜೂ ತಪ್ಪಿತು. ಗಂಡು ಹುಡುಗ, ಎಲ್ಲೋ ಬದುಕಿಕೊಂಡೆ, ಪೇಪರ್ ಸೇರಿದೆ. ಹೆಣ್ಣುಮಕ್ಕಳಿಗೆ ಕಾಲೇಜು ತಪ್ಪಿದರೆ ಮುಂದೇನು ಎಂಬುದು ಓದುಗರಿಗೆ ಗೊತ್ತು.

ಕೆರೆಯ ಸುತ್ತಳತೆ ಎಷ್ಟು?

ಸೂಳೆಕೆರೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಏರಿ. ಏರಿಯ ಉದ್ದ ಸಾವಿರ ಅಡಿಯೊಳಗೇ, ಹಿಂದೆ ನಿಂತ ನೀರು ಮಾತ್ರ ಸಮುದ್ರದ ಹಾಗೆ. ರಾಜಕುಮಾರಿ ಶಾಂತವ್ವ ಕಟ್ಟಿಸಿದಳು, ಜಾಗ ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರೇ ಇರಲಿ ಎಂದರು ಎಂಬ ಕಥೆ ನಮ್ಮ ಸೀಮೆಯ ಮಕ್ಕಳಿಗೂ ಬಾಯಿಪಾಠ. ಸರ್ಕಾರಿ ಕಾಗದದಲ್ಲಿ ಶಾಂತಿಸಾಗರ. ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ಮೈಸೂರಿನ ಚೀಫ್ ಎಂಜಿನಿಯರ್ ಸ್ಯಾಂಕಿ ಸಾಹೇಬರೇ ಇದನ್ನು ಕಟ್ಟಿದವರ ವಿದ್ಯೆಗೆ ತಲೆದೂಗಿದ್ದರು. ಇವತ್ತಿಗೂ ಚನ್ನಗಿರಿಗೆ, ಅತ್ತ ಚಿತ್ರದುರ್ಗಕ್ಕೆ ಕುಡಿಯುವ ನೀರು ಇಲ್ಲಿಂದಲೇ.

ಬ್ರಿಟಿಷರ ಕಾಲದ ಗೆಜೆಟಿಯರು ಇದರ ಸುತ್ತಳತೆ 40 ಮೈಲಿ ಎನ್ನುತ್ತದೆ. ಈಗ ಎಲ್ಲರೂ ಹೇಳುವುದು 30 ಕಿಲೋಮೀಟರ್. ಅಳತೆಯ ರೀತಿ ಬೇರೆ ಇರಬಹುದು. ಆದರೆ ಹೂಳೂ ಒತ್ತುವರಿಯೂ ಕೆರೆಯನ್ನು ತಿಂದಿವೆ ಎಂಬುದು ಸುತ್ತಲ ಹಳ್ಳಿಯವರ ಹಳೇ ದೂರು. ಕೆರೆಯ ಸುತ್ತ ಒಂದು ಸೈಕಲ್ ದಾರಿ ಇದ್ದು, ದಿನಾ ಹತ್ತು ಜನ ಸುತ್ತಿ ಬಂದರೆ ಬೇಲಿ ಎಲ್ಲಿ ಒಳಗೆ ಸರಿಯಿತು ಎಂಬುದು ಹತ್ತು ಜೊತೆ ಕಣ್ಣಿಗೆ ಬೀಳುತ್ತದೆ. ಕಾವಲುಗಾರನಿಗೆ ಸಂಬಳ ಕೊಡುವುದಕ್ಕಿಂತ ಇದು ಅಗ್ಗವಲ್ಲವೇ?

ಆಗಬೇಕಾದ್ದೇನು?

ಬಾಡಿಗೆ ಸೈಕಲ್ ಹಳೇ ಕಾಲದ ಮಾತು ಎನ್ನುವವರಿಗೆ ಎರಡು ಉದಾಹರಣೆ. ಹಂಪಿಗೆ ಹೋದವರು ಇವತ್ತಿಗೂ ಬಾಡಿಗೆ ಸೈಕಲ್ಲಿನಲ್ಲಿ ದೇವಸ್ಥಾನ ಸುತ್ತುತ್ತಾರೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಎಂಬ ಹೆಸರಿನಲ್ಲಿ 450 ಸೈಕಲ್ ಬಾಡಿಗೆಗೆ ಬಿಟ್ಟರು. ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದು ನಿಲ್ದಾಣದಲ್ಲಿ ಬಿಡಬಹುದಿತ್ತು. ನಮ್ಮ ಚಾಚಾ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ಲೆಕ್ಕವನ್ನು ಅಲ್ಲಿ ಕಾರ್ಡು ಬರೆದುಕೊಂಡಿತು, ಅಷ್ಟೇ ವ್ಯತ್ಯಾಸ.

ಬಸವಾಪಟ್ಟಣಕ್ಕೆ 450 ಬೇಡ. ಇಪ್ಪತ್ತು ಸಾಕು. ಚಾಚಾನ ಶೆಡ್ಡಿನಲ್ಲಿ ಹತ್ತು, ಸೂಳೆಕೆರೆ ಏರಿ ಹತ್ತಿರ ಹತ್ತು. ಪಂಚಾಯಿತಿಯೋ, ಸ್ತ್ರೀಶಕ್ತಿ ಸಂಘವೋ ಕೊಂಡು ಕೊಡಲಿ. ವಾರದ ದಿನ ಕಾಲೇಜು ಮಕ್ಕಳಿಗೆ ತಿಂಗಳ ಬಾಡಿಗೆ, ಭಾನುವಾರ ಪ್ರವಾಸಿಗಳಿಗೆ ಗಂಟೆ ಬಾಡಿಗೆ. ಊರವರು ಮೊದಲು, ಟೂರಿಸ್ಟ್ ಆಮೇಲೆ.

ಅದಕ್ಕೂ ಮುಂಚೆ ಏರಿ ಸರಿಯಾಗಬೇಕು. ನಿಗಮದವರು ಗುಂಡಿ ಮುಚ್ಚಲಿ. ನೀರಿನ ಕಡೆಗೆ ಕಂಬ ನೆಟ್ಟು ತಡೆ ಮಾಡಲಿ. ಬಿದ್ದವನು ಹಿಡಿದು ಹತ್ತಲು ಅಲ್ಲಲ್ಲಿ ಮೆಟ್ಟಿಲು, ಸರಪಳಿ ಹಾಕಲಿ. ಸಂಜೆ ಆರರ ಮೇಲೆ ಪ್ರವೇಶವಿಲ್ಲ ಎಂದು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸಲಿ. ರೈತರ ಟ್ರ್ಯಾಕ್ಟರಿಗೆ, ಬಂಡಿಗೆ ತಡೆ ಬೇಡವೇ ಬೇಡ. ಏರಿ ಅವರಿಗಾಗಿಯೇ ಆದದ್ದು. ಸೈಕಲ್ಲಿನವನು ಇಳಿದು ದಾರಿ ಬಿಟ್ಟರೆ ಅವನ ಗಂಟೇನೂ ಹೋಗುವುದಿಲ್ಲ.

ಇದು ಕೋಟಿ ರೂಪಾಯಿಯ ಯೋಜನೆ ಅಲ್ಲ. ಬಹುಶಃ ಅದೇ ಇದರ ದೋಷ! ಕೋಟಿ ಇಲ್ಲದ ಕೆಲಸಕ್ಕೆ ಶಂಕುಸ್ಥಾಪನೆ ಮಾಡಲು ಯಾರು ಬರುತ್ತಾರೆ?

ವಾಪಸು ಬಂದಾಗ ದೀಪ ಹಚ್ಚುವ ಹೊತ್ತು. ಚಾಚಾ ಬೀಗ ಹಿಡಿದುಕೊಂಡು ಕಾಯುತ್ತಿದ್ದರು. ಟಯರು ಮುಟ್ಟಿ ನೋಡಿ, "ಪಂಕ್ಚರ್ ಯಾರು ಹಾಕಿದ್ರು? ಕೆಲ್ಸ ಚೊಕ್ಕ ಐತೆ" ಅಂದರು. ಹುಡುಗಿಯ ವಿಷಯ ಹೇಳಿದೆ. ಬಾಡಿಗೆ ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 7ನೇ ನಂಬರಿನ ಸೀಟು ಒರೆಸುತ್ತಾ ಹೇಳಿದರು:

"ಆ ಹುಡ್ಗಿ ಕಾಲೇಜಿಗೆ ಹೋಗಾದಾದ್ರೆ ನನ್ ಶೆಡ್ಡಿನ ಮುಂದೇ ಹೋಗ್ಬೇಕು. ಬಂದು ಗಾಳಿ ಹೊಡ್ಸಿಕೊಂಡು ಹೋಗು ಅನ್ನು. ಯುಗಾದಿಗೆ ಖಾಲಿ ಮಾಡಾಕಿಲ್ಲ, ಒಂದು ವರ್ಷ ನೋಡಾಣ."

ಚಾಚಾ ಒಂದು ವರ್ಷದ ವಾಯಿದೆ ಕೊಟ್ಟಿದ್ದಾರೆ. ಪಂಚಾಯಿತಿಯವರೇ, ನಿಗಮದವರೇ, ನಿಮ್ಮ ವಾಯಿದೆ ಎಷ್ಟು?