ಪುಟ್ಟ ಆಂಟೆನಾದ ದೊಡ್ಡ ಲೆಕ್ಕ

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯಿದು. ಮೀನುಗಾರಿಕಾ ದೋಣಿಗಳಿಗಾಗಿ ನಾವೊಂದು ಪೆಟ್ಟಿಗೆಯನ್ನು ರೂಪಿಸುತ್ತಿದ್ದೆವು. ಉಪಗ್ರಹಗಳಿಂದ ತಾನಿರುವ ಸ್ಥಳವನ್ನು ಅರಿತು, ಆಪತ್ತಿನಲ್ಲಿ ಉಪಗ್ರಹದ ಮೂಲಕವೇ ಮೊರೆಯಿಡುವುದು ಅದರ ಕೆಲಸ. ನಾವಿಕ್ ಸಂಕೇತದ 1176 ಮೆಗಾಹರ್ಟ್ಸ್‌ನಿಂದ ಸಂದೇಶ ರವಾನೆಯ 1660 ಮೆಗಾಹರ್ಟ್ಸ್‌ವರೆಗೆ ಒಂದೇ ಆಂಟೆನಾ ಸಾಕಾಗಬೇಕು, ಅದೂ ಅಂಗೈಯಲ್ಲಿ ಅಡಗುವಂತಿರಬೇಕು ಎಂಬುದು ಬೇಡಿಕೆ.

ಒಂದು ಸಂಜೆ ಕಿರಿಯ ಸಹೋದ್ಯೋಗಿಯೊಬ್ಬರು ಏಳು ಸೆಂಟಿಮೀಟರ್ ಎತ್ತರದ ಸುರುಳಿಯನ್ನು ಮಾಪಕಕ್ಕೆ ಜೋಡಿಸಿ, ‘ನೋಡಿ ಸರ್, ಏನೂ ವಾಪಸು ಬರುತ್ತಿಲ್ಲ’ ಎಂದರು. ನಿಜವೇ. ಆಂಟೆನಾ ಹಿಂದಿರುಗಿಸುವ ಶಕ್ತಿ ಆ ಇಡೀ ವ್ಯಾಪ್ತಿಯಲ್ಲಿ ನಗಣ್ಯವಾಗಿತ್ತು. ನಾನು ಸಹಿ ಹಾಕಿದೆ. ಮರುವಾರ ತಾರಸಿಯ ಮೇಲೆ ಪರೀಕ್ಷಿಸಿದಾಗ ಸಂದೇಶ ಹೋಗಲೇ ಇಲ್ಲ. ಸುರುಳಿಯ ಬುಡದಲ್ಲಿದ್ದ ಸರ್ಕ್ಯೂಟ್ ಫಲಕವನ್ನು ಮುಟ್ಟಿದೆ. ಬೆರಳು ಚುರ್ ಎಂದಿತು.

ಸುರುಳಿ ಆಂಟೆನಾದ ಜನಕ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ಕ್ರಾಸ್. 1946ರಲ್ಲಿ ಉಪನ್ಯಾಸವೊಂದನ್ನು ಕೇಳಿದ ಅವರು, ಅಲ್ಲಿ ವಿವರಿಸಿದ ತಂತಿಸುರುಳಿಯನ್ನು ಆಂಟೆನಾ ಆಗಿ ಬಳಸಬಹುದೇ ಎಂದು ವಿಚಾರಿಸಿದರು. ಸಾಧ್ಯವಿಲ್ಲವೆಂಬ ಉತ್ತರ ಬಂತು. ಅಂದೇ ಸಂಜೆ ಮನೆಯ ನೆಲಮಾಳಿಗೆಯಲ್ಲಿ ಏಳು ಸುತ್ತಿನ ಸುರುಳಿ ಸುತ್ತಿ ನೋಡಿದರು; ಅದು ಕೆಲಸ ಮಾಡಿತು! ಸುತ್ತಳತೆಯು ಅಲೆಯ ಉದ್ದದ ಮುಕ್ಕಾಲು ಪಾಲಿನಿಂದ ಒಂದೂ ಮೂರನೇ ಒಂದರವರೆಗೆ ಇದ್ದರೂ ನಡೆಯುತ್ತದೆ. ಅಷ್ಟು ಉದಾರಿ ಅದು. ಅದರ ಇಂಪಿಡೆನ್ಸ್ ಸುಮಾರು 140 ಓಮ್, ಕೇಬಲ್ಲಿನದು ಸಾಮಾನ್ಯವಾಗಿ 50. ಬುಡದ ಕಾಲು ಸುತ್ತನ್ನು ಚಪ್ಪಟೆಯಾಗಿಸಿ ತಳದ ಲೋಹದ ತಟ್ಟೆಗೆ ಹತ್ತಿರ ತಂದರೆ ಎರಡೂ ಹೊಂದಿಕೊಳ್ಳುತ್ತವೆ. ಆದರೆ 1575 ಮೆಗಾಹರ್ಟ್ಸ್‌ನಲ್ಲಿ ಹತ್ತು ಸುತ್ತಿನ ಇಂಥ ಸುರುಳಿ ಆರು ಸೆಂಟಿಮೀಟರ್ ಅಗಲ, ನಲವತ್ತಕ್ಕೂ ಹೆಚ್ಚು ಸೆಂಟಿಮೀಟರ್ ಉದ್ದವಾಗುತ್ತದೆ. ಉಪಗ್ರಹದ ಮೇಲೆ ಸರಿ, ಕಿಸೆಗೆ ಸಲ್ಲದು.

ಆದ್ದರಿಂದಲೇ ಕೈ ಪೆಟ್ಟಿಗೆಗಳಲ್ಲಿ ನಾಲ್ಕು ಎಳೆಗಳ ಗಿಡ್ಡ ಸುರುಳಿಯನ್ನು ಬಳಸುತ್ತಾರೆ. ನಾಲ್ಕಕ್ಕೂ ಸಮಪಾಲು ಶಕ್ತಿಯನ್ನು, ಒಂದರ ಹಿಂದೊಂದು ಕಾಲು ಆವರ್ತದಷ್ಟು ತಡವಾಗಿ ಉಣಿಸಬೇಕು. ಬುಡದ ಫೀಡ್ ಸರ್ಕ್ಯೂಟಿನ ಕೆಲಸ ಇದು. ಅದರಲ್ಲಿ ಹೈಬ್ರಿಡ್ ಎಂಬ ಕವಲಿಗೆ ನಾಲ್ಕು ಬಾಗಿಲುಗಳು: ಒಂದರಿಂದ ಶಕ್ತಿ ಒಳಬರುತ್ತದೆ, ಎರಡರಿಂದ ಎಳೆಗಳಿಗೆ ಹೋಗುತ್ತದೆ, ಉಳಿದೊಂದಕ್ಕೆ 50 ಓಮ್‌ನ ರೆಸಿಸ್ಟರ್ ಕೂರಿಸಿರುತ್ತಾರೆ. ಎಳೆಗಳು ಶಕ್ತಿಯನ್ನು ಒಲ್ಲೆವೆಂದು ಹಿಂದಿರುಗಿಸಿದರೆ, ಆ ಅಲೆಗಳು ಒಳಬಾಗಿಲಲ್ಲಿ ಪರಸ್ಪರ ಅಳಿಸಿಹೋಗಿ ರೆಸಿಸ್ಟರಿನ ಬಾಗಿಲಲ್ಲಿ ಕೂಡಿಕೊಳ್ಳುತ್ತವೆ. ಮಾಪಕಕ್ಕೆ ಎಲ್ಲವೂ ಸರಿಯಾಗಿ ಕಾಣುತ್ತದೆ. ನಮ್ಮ ಶಕ್ತಿಯ ಬಹುಪಾಲು ಆಕಾಶಕ್ಕೆ ಹೋಗದೆ ಅಕ್ಕಿಕಾಳಿನಷ್ಟಿದ್ದ ರೆಸಿಸ್ಟರನ್ನು ಕಾಯಿಸುತ್ತಿತ್ತು. ಮೂವತ್ತು ವರ್ಷ ಇದೇ ವೃತ್ತಿಯಲ್ಲಿದ್ದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ತಪ್ಪು ಹುಡುಗಿಯದಲ್ಲ, ಬೇಡಿಕೆಯದು, ಅದನ್ನು ಪ್ರಶ್ನಿಸದ ನನ್ನದು. ವೀಲರ್ 1947ರಲ್ಲಿ, ಚು 1948ರಲ್ಲಿ ಈ ಮಿತಿಯನ್ನು ಗಣಿತದಲ್ಲಿ ಬರೆದಿಟ್ಟಿದ್ದಾರೆ. ಅಲೆಗಿಂತ ಬಹಳ ಚಿಕ್ಕದಾದ ಆಂಟೆನಾವನ್ನು ಅರ್ಧಕ್ಕಿಳಿಸಿದರೆ, ಅದು ನಿಭಾಯಿಸಬಲ್ಲ ಕಂಪನಾಂಕಗಳ ವ್ಯಾಪ್ತಿ ಸರಿಸುಮಾರು ಎಂಟನೇ ಒಂದಕ್ಕೆ ಕುಗ್ಗುತ್ತದೆ. ನಮ್ಮ ಸುರುಳಿ ಅಷ್ಟು ಚಿಕ್ಕದಲ್ಲದಿದ್ದರೂ ಅದೇ ದಾರಿ ಹಿಡಿದಿತ್ತು. ಈ ಮಿತಿಯನ್ನು ಮೀರಿದಂತೆ ತೋರಿಸಲು ಶಕ್ತಿಯನ್ನು ಎಲ್ಲಾದರೂ ಪೋಲು ಮಾಡಬೇಕಾಗುತ್ತದೆ. ‘ಅತಿ ಚಿಕ್ಕದು, ಅತಿ ವಿಸ್ತಾರ ವ್ಯಾಪ್ತಿ’ ಎಂಬ ಜಾಹೀರಾತನ್ನು ಕಂಡಾಗ ದಕ್ಷತೆಯ ಅಂಕಿಯನ್ನು ಕೇಳಬೇಕು. ಬಹುಪಾಲು ಟೆಂಡರ್ ದಾಖಲೆಗಳು ಅದನ್ನು ಕೇಳಿದ್ದನ್ನು ನಾನು ಕಂಡಿಲ್ಲ. ನಡುಗಡಲಲ್ಲಿ ಬ್ಯಾಟರಿಯ ಕೊನೆಯ ಹನಿಯನ್ನು ನಂಬಿ ಕುಳಿತವನಿಗೆ ಬೇಕಾದದ್ದು ಅದೊಂದೇ ಅಂಕಿ.

ಕಡೆಗೆ ನಾವು ವಿಸ್ತಾರದ ಆಸೆಯನ್ನು ಕೈಬಿಟ್ಟೆವು. ಒಂದರೊಳಗೊಂದು ಎರಡು ಸುರುಳಿಗಳನ್ನಿಟ್ಟೆವು, ಸ್ಥಳ ತಿಳಿಯಲು ಒಂದು, ಮೊರೆಯಿಡಲು ಇನ್ನೊಂದು. ಪ್ಲಾಸ್ಟಿಕ್ ಹೊದಿಕೆ ಹಾಕಿದ ಮೇಲೆ ಎರಡರ ಕಂಪನಾಂಕವೂ ಕೆಳಗೆ ಜಾರಿತು. ಎಳೆಗಳನ್ನು ಮತ್ತೆ ಕತ್ತರಿಸಬೇಕಾಯಿತು. ಎತ್ತರ ಏಳರಿಂದ ಹನ್ನೊಂದು ಸೆಂಟಿಮೀಟರಿಗೆ ಏರಿತು. ಪೆಟ್ಟಿಗೆ ದಪ್ಪವಾಯಿತೆಂಬ ಆಕ್ಷೇಪಣೆಯೂ ಬಂತು. ನಮ್ಮ ಪರೀಕ್ಷಾ ವರದಿಯ ನಮೂನೆಯಲ್ಲಿ ಈಗ ಹೊಸದೊಂದು ಕಾಲಂ ಇದೆ: ರೆಸಿಸ್ಟರಿಗೆ ಹೋದ ಶಕ್ತಿ ಎಷ್ಟು? ಅದನ್ನು ಸೇರಿಸಿದವರು ಆ ಕಿರಿಯ ಸಹೋದ್ಯೋಗಿಯೇ.